ಶಾಮಲಾ ಮುಚ್ಚಿದ ಬಾಗಿಲು

ಸಾಸಲಿನಿಂದ ದೊಡ್ಡಬಳ್ಳಾಪುರಕ್ಕೆ ಹೊರಟ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಶಾಮಲಾ ನಿಂತೇ ಇರುತ್ತಾಳೆ. ಕೂತರೆ ದಾರಿ ಉದ್ದವಾಗುತ್ತದೆ ಎಂದು ಅವಳ ನಂಬಿಕೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜಯಕುಮಾರ್ ಅವರ ಸಣ್ಣ ಆಫೀಸಿಗೆ ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದಾಗ ಕೆಲಸ ಕಾಯಂ ಆಗಬೇಕು. ಆಗದೆಯೂ ಇರಬಹುದು.

ಅವಳ ಕೆಲಸ ಗಾಳಿಯದು. ಕಟ್ಟಡದೊಳಗೆ ಗಾಳಿ ಎಲ್ಲಿ ತಿರುಗುತ್ತದೆ, ಬಿಸಿ ಎಲ್ಲಿ ನಿಂತುಬಿಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬಣ್ಣದ ಚಿತ್ರವಾಗಿ ತೋರಿಸುವುದು. ಆ ತಿಂಗಳು ಬಂದದ್ದು ಹೊಸಕೋಟೆ ಹತ್ತಿರದ ಒಂದು ಗುಲಾಬಿ ತೋಟದ ನಕ್ಷೆ. ಹೂ ಕಟ್ಟುವ ಹಾಲ್ ಒಂದು, ಪಕ್ಕಕ್ಕೆ ಕೋಲ್ಡ್ ರೂಮ್, ನಡುವೆ ಹೂವಿನ ಗಾಡಿ ದಾಟಲು ಒಂದು ಬಾಗಿಲು. ಹೂ ಬಾಡದಂತೆ ಕೋಲ್ಡ್ ರೂಮ್ ನಾಲ್ಕು ಡಿಗ್ರಿಯಲ್ಲಿರಬೇಕು. ಅದಕ್ಕೆ ಹಳೆಯ ಯಂತ್ರದ ಬದಲು ಎಷ್ಟು ದೊಡ್ಡ ಹೊಸ ಯಂತ್ರ ಬೇಕೆಂದು ಹೇಳಬೇಕಿತ್ತು.

ಕಂಪ್ಯೂಟರಿಗೆ ಎರಡು ಕೋಣೆಯ ಗಾಳಿ ಎರಡು ಬೇರೆ ಲೋಕ. ಅವು ಎಲ್ಲಿ ಕೂಡುತ್ತವೆ, ಅಲ್ಲಿ ಏನು ದಾಟಬಹುದು ಎಂದು ನಾವೇ ಹೇಳಬೇಕು. ಶಾಮಲಾ ಬಾಗಿಲಿನ ದಪ್ಪ ಕೊಟ್ಟಳು. ಬಿಸಿ ಅದರ ಮೂಲಕ ಸ್ವಲ್ಪ ದಾಟಲಿ, ಗಾಳಿ ದಾಟದಿರಲಿ ಎಂದು ಬರೆದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಲೆಕ್ಕ ಮುಗಿದಾಗ ಕೋಲ್ಡ್ ರೂಮ್ ತುಂಬ ಒಂದೇ ನೀಲಿ, ಎಲ್ಲೆಡೆ ನಾಲ್ಕು ಡಿಗ್ರಿ. ಜಯಕುಮಾರ್ ಮೆಚ್ಚಿ ಶನಿವಾರವೇ ವರದಿ ಕಳಿಸಿದರು. ಮಂಗಳವಾರ ತೋಟದವರು ಯಂತ್ರಕ್ಕೆ ಆರ್ಡರ್ ಕೊಡುವವರಿದ್ದರು.

ಆದರೆ ಆ ನೀಲಿ ಅವಳನ್ನು ಬಿಡಲಿಲ್ಲ. ಅಷ್ಟು ನಿಶ್ಚಲವಾದದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ. ಊಟಕ್ಕೆ ಕೂತರೆ ಎದ್ದಳು, ಎದ್ದವಳು ಏಕೆ ಎದ್ದೆನೆಂದು ಮರೆತಳು.

ಭಾನುವಾರ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಂದಿದ್ದವು. ಅವಳ ಅಜ್ಜಿ ದ್ಯಾವಮ್ಮ ರೇಷ್ಮೆ ಸಾಕುವವಳು. ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಿರಲೆಂದು, ಹೊರಗಿನವರು ಬಾರದಿರಲೆಂದು, ಹುಳುಮನೆಯ ಬಾಗಿಲು ತೆಗೆದ ಕೈಯೇ ಮುಚ್ಚಬೇಕು. ತೆರೆದು ಬಿಟ್ಟದ್ದಕ್ಕೆ ಶಾಮಲಾ ಚಿಕ್ಕಂದಿನಲ್ಲಿ ಪೆಟ್ಟು ತಿಂದಿದ್ದಾಳೆ. ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಟ್ಟ ದಿನ ಮಾತ್ರ ತೇವ ಹೋಗಲೆಂದು ಅಜ್ಜಿ ನೊಣ ತಡೆಯುವ ಬಲೆಯೊಂದನ್ನು ಇಳಿಬಿಟ್ಟು ಬಾಗಿಲನ್ನು ಪೂರ್ತಿ ತೆರೆಯುತ್ತಾಳೆ. ಗಾಳಿ ಜೋರಾದರೆ ಹುಳುಗಳೆಲ್ಲ ಒಂದೇ ಮೂಲೆಗೆ ಸರಿಯುತ್ತವೆ. ಗಾಳಿಯ ಹರಿವು ತಿಳಿಯಲು ಬಾಗಿಲ ಚೌಕಟ್ಟಿಗೆ ಎರಡು ರೇಷ್ಮೆ ಎಳೆ ಕಟ್ಟುತ್ತಾಳೆ, ಮೇಲೊಂದು, ಕೆಳಗೊಂದು.

ಅಂದೂ ಕಟ್ಟಿದಳು. ಮೇಲಿನ ಎಳೆ ಹೊರಕ್ಕೆ ಬಾಗಿತು. ಕೆಳಗಿನದು ಒಳಕ್ಕೆ. ತೆರೆದ ಒಂದೇ ಬಾಗಿಲಲ್ಲಿ ಗಾಳಿ ಎರಡೂ ಕಡೆಗೆ ಹರಿಯುತ್ತಿತ್ತು.

ಶಾಮಲಾ ಕೈಯಲ್ಲಿದ್ದ ಮಿಕ್ಕ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

"ಅಜ್ಜಿ, ಹೂವಿನ ಗಾಡಿ ಒಳಕ್ಕೂ ಹೊರಕ್ಕೂ ಓಡಾಡೋ ಮನೆ ಬಾಗ್ಲು ಮುಚ್ಚಿರ್ತದಾ?"

"ಯಾರಾದ್ರೂ ಮುಚ್ತಾರೇನೇ? ಗಾಡಿ ತಳ್ಳೋರ್ಗೆ ಕೈ ಎರಡೇ ಅಲ್ವಾ."

ನಕ್ಷೆಯಲ್ಲಿ ಬಾಗಿಲು ಕಂಡೊಡನೆ ಅವಳು ಅದನ್ನು ಮುಚ್ಚಿಬಿಟ್ಟಿದ್ದಳು, ಹುಳುಮನೆಯದನ್ನು ಮುಚ್ಚುವಂತೆ. ಆ ವರದಿ ನಂಬಿದರೆ ಯಂತ್ರ ಚಿಕ್ಕದಾಗುತ್ತದೆ, ಹೂ ಬಾಡುತ್ತದೆ. ಹೇಳಿದರೆ ಕಾಯಂ ಆಗಬೇಕಾದ ತಿಂಗಳಲ್ಲಿ ತಪ್ಪು ಅವಳ ಹೆಸರಿಗೆ. ಸಿಗ್ನಲ್ ಸಿಗುವ ತೊಟ್ಟಿಯ ಪಕ್ಕಕ್ಕೆ ಹೋದಳು, ಹಿಂದೆ ಬಂದಳು, ಮತ್ತೆ ಹೋದಳು. ಮೂರನೆಯ ಸಲ ಫೋನ್ ಮಾಡಿದಳು.

ಬಾಗಿಲಿನ ತಪ್ಪನ್ನು ಜಯಕುಮಾರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ದಿನಕ್ಕೆ ಎಷ್ಟು ಹೊತ್ತು ತೆಗ್ದಿರ್ತದೆ?" ಎಂದರು.

"ಗೊತ್ತಿಲ್ಲ ಸರ್."

"ಹಾಗಾದ್ರೆ ಹೋಗಿ ನೋಡ್ಕೊಂಡು ಬಾರಮ್ಮ," ಎಂದು ಫೋನ್ ಇಟ್ಟರು. ಅದು ಸಿಟ್ಟೋ ಕೆಲಸವೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ತೋಟ ಮುಟ್ಟಿದಳು. ಕೋಲ್ಡ್ ರೂಮಿನ ಚೌಕಟ್ಟಿಗೆ ಅಜ್ಜಿಯ ಎಳೆಗಳನ್ನು ಕಟ್ಟಿದಳು. ಹೂ ಕಟ್ಟುತ್ತಿದ್ದ ಮುನಿತಾಯಮ್ಮ ಕತ್ತರಿ ನಿಲ್ಲಿಸಿ ನೋಡಿದಳು.

"ಏನಮ್ಮಾ, ಬಾಗ್ಲಿಗೆ ದೃಷ್ಟಿ ಆಗೈತಾ?"

ಹೆಂಗಸರೆಲ್ಲ ನಕ್ಕರು. ಇಲ್ಲಿ ಮೇಲಿನ ಎಳೆ ಕೋಲ್ಡ್ ರೂಮಿನ ಒಳಕ್ಕೆ ಬಾಗಿತ್ತು, ಕೆಳಗಿನದು ಹೊರಗಿನ ಹಾಲ್ ಕಡೆಗೆ. ತಣ್ಣನೆಯ ಗಾಳಿ ಅವಳ ಪಾದದ ಮೇಲೆ ಹರಿದು ಹೋಗುತ್ತಿತ್ತು. ಮಧ್ಯಾಹ್ನದವರೆಗೆ ಗಡಿಯಾರ ಹಿಡಿದು ನಿಂತಳು. ಆ ಐದು ಗಂಟೆಗಳಲ್ಲಿ ಬಾಗಿಲು ಮುಚ್ಚಿದ್ದು ಎರಡೇ ಸಲ, ಅದೂ ಮುನಿತಾಯಮ್ಮನ ಗುಂಪು ತಿಂಡಿಗೆ ಹೋದಾಗ.

ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಎರಡು ಕೋಣೆಯ ಗಾಳಿಯನ್ನು ಒಂದಕ್ಕೊಂದು ತೆರೆದಳು. ಸಂಜೆಗೆ ಬಂದ ಚಿತ್ರ ಕೊಳಕಾಗಿತ್ತು. ಚಾವಣಿಯುದ್ದಕ್ಕೂ ಕೆಂಪು ನಾಲಿಗೆ, ಕೋಲ್ಡ್ ರೂಮ್ ಒಂಬತ್ತು ಡಿಗ್ರಿ. ಜಯಕುಮಾರ್ ತೋಟದವರಿಗೆ ಫೋನ್ ಮಾಡಿ ಆರ್ಡರ್ ನಿಲ್ಲಿಸಲು ಕೇಳಿಕೊಂಡರು. ಆ ಕಡೆಯ ಬೈಗುಳ ಶಾಮಲಾಳ ಮೇಜಿನವರೆಗೂ ಕೇಳಿಸಿತು. ಜಯಕುಮಾರ್ ಅವಳತ್ತ ನೋಡದೆ ಮನೆಗೆ ಹೋದರು.

ಮಾರನೆಯ ದಿನ ಅವಳ ಮೇಜಿನ ಮೇಲೆ ಹೊಸ ನಕ್ಷೆಯಿತ್ತು, ನೆಲಮಂಗಲದ ಒಂದು ಗೋದಾಮಿನದು. ಅದರಲ್ಲಿ ಏಳು ಬಾಗಿಲು. ಪ್ರತಿಯೊಂದರ ಪಕ್ಕದಲ್ಲೂ ಜಯಕುಮಾರ್ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದರು. ಶಾಮಲಾ ಕೂರಲಿಲ್ಲ. ನೆಲಮಂಗಲದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು.