ಅಪ್ಪನ ನವೆಂಬರ್ ಹಾಜರಿ

ಟ್ರಂಕಿನ ತಳದಲ್ಲಿ ಸಿಕ್ಕ ಹಳದಿ ಬಟ್ಟೆಯ ಚೂರನ್ನು ಮೂಗಿಗೆ ಹಿಡಿದೆ. ಹಿತ್ತಾಳೆ ಪಾಲಿಶಿನ ಘಾಟು ಇನ್ನೂ ಸ್ವಲ್ಪ ಉಳಿದಿತ್ತು. ಸೈನ್ಯದಿಂದ ನಿವೃತ್ತರಾದ ಮೇಲೂ ಅಪ್ಪ ವರ್ಷಕ್ಕೊಂದು ಸಲ ಆ ಬಟ್ಟೆ ಹಿಡಿದು ಕೂರುತ್ತಿದ್ದರು. ಕೋಟಿನ ಗುಂಡಿಗಳು, ಪಲ್ಟನ್ನಿನ ಬಿಲ್ಲೆ... ಮುಖ ಕಾಣುವ ತನಕ ಉಜ್ಜುತ್ತಿದ್ದರು.

ಅದು ನವೆಂಬರಿನ ಕೆಲಸ. ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ತೋರಿಸಬೇಕು. ನಾವು ಬಸವಕಲ್ಯಾಣಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಅಪ್ಪ ಪಿಂಚಣಿಯನ್ನು ಹುಮನಾಬಾದಿನ ಬ್ಯಾಂಕಿನಲ್ಲೇ ಉಳಿಸಿಕೊಂಡಿದ್ದರು. ನವೆಂಬರಿನ ಮೊದಲ ಸೋಮವಾರ, ಬೆಳಗಿನ ಬಸ್ಸು. ಬ್ಯಾಂಕಿನ ವರಾಂಡದ ಬೆಂಚಿನ ಮೇಲೆ ಅವರದೇ ಪಲ್ಟನ್ನಿನಲ್ಲಿದ್ದ ಹುಮನಾಬಾದಿನ ಚಾಚಾ ಕಾಯುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ.

“ಏನ್ರಿ ಕಲ್ಯಾಣದ ಫೌಜಿ, ಇನ್ನಾ ಹೋಗಿಲ್ಲೇನ್ರಿ?” ಎಂದರು ಚಾಚಾ.

“ನಿಮ್ಮನ್ನ ಮಣ್ಣ ಮಾಡೇ ಹೋಗಬೇಕಂತೀನ್ರಿ,” ಎಂದರು ಅಪ್ಪ.

ಇಬ್ಬರೂ ಕೆಮ್ಮು ಬರುವ ತನಕ ನಕ್ಕರು. ಇಬ್ಬರಿಗೂ ಕಿವಿ ಮಂದ. ಫೋನಿನ ಗೊಡವೆಗೆ ಹೋದವರಲ್ಲ. ವರ್ಷಕ್ಕೆ ಆ ಒಂದು ದಿನವೇ ಅವರ ಭೇಟಿ. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ಅಪ್ಪನ ಮೊಣಕಾಲು ಬಾತ ವರ್ಷ, ಆ ಸೋಮವಾರದ ಹಿಂದಿನ ದಿನ, ಹೆಬ್ಬೆರಳು ಒತ್ತಿಸಿಕೊಂಡು ಬದುಕಿರುವ ದಾಖಲೆಯನ್ನು ಬ್ಯಾಂಕಿಗೆ ಕಳಿಸುವ ಯಂತ್ರದವನನ್ನು ನಾನೇ ಮನೆಗೆ ಕರೆಸಿದೆ. ಬೆರಳಿನ ಗೆರೆಗಳು ಸವೆದಿದ್ದವು. ಮೂರನೆಯ ಸಲಕ್ಕೆ ಯಂತ್ರ ಒಪ್ಪಿತು.

“ಹಂಗಾರ ನಾಳಿ ಹುಮನಾಬಾದಿಗೆ ಹೋಗೂದಿಲ್ಲೇನವ್ವಾ?” ಎಂದು ಅಪ್ಪ ಕೇಳಿದರು.

“ಕೆಲಸ ಆತಲ್ಲಪ್ಪಾ. ಯಾಕ ಸುಮ್ನ ಬಸ್ಸಿನ್ಯಾಗ ಕಾಲ ನೋಯಿಸ್ಕೋತೀರಿ?”

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿಯ ಪ್ಯಾಂಟು, ಕೋಟು ಹಾಕಿಕೊಂಡು ಬಾಗಿಲ ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನ ಊಟಕ್ಕೆ ಕರೆದಾಗ ಒಳಗೆ ಬಂದು ಕೋಟು ಕಳಚಿದರು. ನಾನು ಅಂದು ರಜೆ ಹಾಕಿ ಮನೆಯಲ್ಲೇ ಶಾಲೆಯ ಪೇಪರು ತಿದ್ದುತ್ತಿದ್ದೆ. ಏನೂ ಕೇಳಲಿಲ್ಲ... ಜನವರಿಯಲ್ಲಿ ಅವರು ತೀರಿಕೊಂಡರು.

ಮುಂದಿನ ನವೆಂಬರಿನಲ್ಲಿ, ಅಪ್ಪನ ನಂತರ ಅವ್ವನಿಗೆ ಬರುತ್ತಿದ್ದ ಪಿಂಚಣಿಯ ಕಾಗದ ಹಿಡಿದು ಹುಮನಾಬಾದಿಗೆ ಹೋದೆ. ಮೊದಲ ಸೋಮವಾರವನ್ನೇ ಆರಿಸಿಕೊಂಡಿದ್ದೆ. ಬೆಂಚಿನ ತುದಿಯಲ್ಲಿ ಚಾಚಾ ಇದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ. ನಾನು ಯಾರ ಮಗಳೆಂದು ಗಟ್ಟಿಯಾಗಿ ಹೇಳಿದೆ. ಅಪ್ಪ ಇಲ್ಲವೆಂದೂ ಹೇಳಿದೆ.

“ನಂಗ ಗೊತ್ತಾಗಿತ್ತು ಬೇಟಿ,” ಎಂದರು. “ಹ್ವಾದ ವರ್ಸ ಬ್ಯಾಂಕಿನ ಬಾಗಿಲ ಹಾಕೂತನಕ ಇಲ್ಲೇ ಕುಂತಿದ್ದೆ. ಬರಲಿಲ್ಲ. ಹೋಗಿಬಿಟ್ರು ಅಂತ ತಿಳಕೊಂಡೆ. ಮನಿಗಿ ಹೋಗಿ ದುವಾ ಮಾಡಿದೆ. ಯಾವಾಗ ಆತು?”

“ಜನವರಿದಾಗ್ರಿ.”

ಅವರು ಬೆರಳು ಮಡಚಿದರು. ನವೆಂಬರ್, ಡಿಸೆಂಬರ್... ಬೆರಳು ಅಲ್ಲೇ ನಿಂತಿತು.

“ಅಂದ್ರ, ಆವತ್ತ ಇದ್ರು?”

“ಇದ್ದರ್ರಿ ಚಾಚಾ. ನಾನೇ ಬ್ಯಾಡಂದಿದ್ದೆ.”

ಅವರು ಮಡಚಿದ ಬೆರಳುಗಳನ್ನು ಬಿಡಿಸಿದರು. ಆ ಖಾಲಿ ಜಾಗದಲ್ಲಿ ಕೂರಲು ನನ್ನಿಂದಾಗಲಿಲ್ಲ. ಸರತಿ ಬರುವ ತನಕ ನಿಂತೇ ಇದ್ದೆ.

ಅಪ್ಪ ಬದುಕಿದ್ದಾರೆಂದು ಯಂತ್ರದವನು ತೆಗೆದುಕೊಟ್ಟ ಕಾಗದ ಈ ಬಟ್ಟೆಯ ಕೆಳಗೇ ಇತ್ತು. ಇಂದು ಅದನ್ನು ಪೂರ್ತಿ ಓದಿದೆ. ಹೆಸರು, ತಾರೀಕು, ಎಲ್ಲವೂ ಸರಿಯಾಗಿವೆ. ಬಟ್ಟೆಯನ್ನು ಮಡಚಿ ಅದರ ಮೇಲೆ ಇಟ್ಟೆ.