ಶೆಟ್ಟರ ಆಂಬ್ರೋಸ್ ಟಿಲ್

ಹೋದ ಶನಿವಾರ ಗರಾಜಿನಲ್ಲಿ ಸಂಘದ ಟ್ರಂಕು ತೆರೆದೆ. ನಮ್ಮ ಕನ್ನಡ ಸಂಘಕ್ಕೆ ಸ್ವಂತ ಕಟ್ಟಡವಿಲ್ಲ. ಇರುವ ಆಸ್ತಿ ಈ ಒಂದು ಟ್ರಂಕು. ಅದು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನ ನಮ್ಮ ಮನೆಗೆ ಬಂದು ಬಿಡಾರ ಹೂಡಿ ಎಷ್ಟೋ ವರ್ಷವಾಯಿತು. ರಾಜ್ಯೋತ್ಸವಕ್ಕೆ ದೀಪದ ಕಂಬ ಹುಡುಕುತ್ತಿದ್ದವನಿಗೆ ಮೊದಲು ಸಿಕ್ಕಿದ್ದು ಒಂದು ವಾಸನೆ. ಗಡ್ಡಮೀಸೆ ಅಂಟಿಸುವ ಗೋಂದಿನದು. ಆ ವಾಸನೆ ನಿಮಗೆ ಗೊತ್ತಿದ್ದರೆ ಜೀವನದಲ್ಲಿ ಒಮ್ಮೆಯಾದರೂ ರಾಜನೋ ಸೇನಾಪತಿಯೋ ಆಗಿದ್ದೀರಿ ಎಂದರ್ಥ. ನಾನು ಕಂಬವನ್ನು ಮರೆತು ಅಲ್ಲೇ ಸಿಮೆಂಟು ನೆಲದ ಮೇಲೆ ಕೂತೆ. ಶೆಟ್ಟರು ನೆನಪಾದರು.

ಡಾಕ್ಟರ್ ಶೆಟ್ಟರು ಉಡುಪಿ ಕಡೆಯವರು, ಅರಿವಳಿಕೆ ತಜ್ಞರು. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರನ್ನು ನಿದ್ದೆಗೆ ಕಳಿಸಿದವರು. ಅವರ ದನಿ ಹೇಗಿತ್ತೆಂದರೆ ಅರ್ಧ ಕೆಲಸ ಅದೇ ಮಾಡುತ್ತಿತ್ತು, ಉಳಿದರ್ಧ ಮಾತ್ರ ಔಷಧಿಯದು ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಾನು ಬರೀ ಜಿಪಿ, ನೆಗಡಿ ಕೆಮ್ಮು ನೋಡುವ ಡಾಕ್ಟರು. ನನ್ನ ದನಿಗೆ ರೋಗಿಗಳು ನಿದ್ದೆ ಹೋದರೆ ಅದಕ್ಕೆ ಬೇರೆ ಕಾರಣ. ಶೆಟ್ಟರ ಹೆಂಡತಿ ವಿಮಲಮ್ಮ ಮೈಸೂರಿನವರು. ಮಕ್ಕಳಿರಲಿಲ್ಲ. ಮನೆಯ ಭಾಷೆ ಕನ್ನಡ, ಆಸ್ಪತ್ರೆಯದು ಇಂಗ್ಲಿಷು. ಶೆಟ್ಟರ ತಾಯಿಯ ಭಾಷೆ ತುಳು. ತಾಯಿ ತೀರಿಕೊಂಡ ಮೇಲೆ ಅದನ್ನು ಅವರು ಯಾರ ಜೊತೆಗೂ ಆಡಿದ್ದನ್ನು ನಾನು ಕೇಳಿರಲಿಲ್ಲ.

ನಿವೃತ್ತರಾದ ವರ್ಷ, ಹೆಂಡತಿ ಯಾರದೋ ಮನೆಯ ಪೂಜೆಗೆ ಹೋಗಿದ್ದಾಗ, ಅವರು ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕಿರುವ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಅಲ್ಲಿ ಹಳೆಯ ಚರ್ಚಿನ ಸಮಾಧಿ ದಾಖಲೆಗಳ ನಕಲಿತ್ತು. ಮೊಳೆ ಮಾಡುವವ, ಬೀಗ ಮಾಡುವವ, ಮತ್ತೆ ಮೊಳೆ ಮಾಡುವವ. ಅವರ ನಡುವೆ ಒಬ್ಬ ಆಂಬ್ರೋಸ್ ಟಿಲ್, ‘ಪ್ಲೇಯರ್’.

“ಯಾವ ಆಟದ ಪ್ಲೇಯರ್ರು? ಕ್ರಿಕೆಟ್ಟಾ?” ಎಂದು ನಾನು ಕೇಳಿದ್ದೆ.

“ನಾನೂರು ವರ್ಷದ ಹಿಂದೆ ಎಂತ ಕ್ರಿಕೆಟ್ಟು ಮಾರಾಯ್ರೇ! ನಮ್ಮ ಊರಲ್ಲಿ ಹೇಳ್ತಾರಲ್ಲ, ಹಾಗೇ. ಆಟದವ. ವೇಷ ಹಾಕುವವ.”

ಆಮೇಲೆ ಹತ್ತು ವರ್ಷ ಅವರು ಟಿಲ್‌ನ ಬೆನ್ನುಬಿದ್ದರು. ಕವೆಂಟ್ರಿ, ಲೆಸ್ಟರ್, ಲಂಡನ್ನು ಎಂದು ದಾಖಲೆ ಕೋಣೆಗಳಲ್ಲಿ ಕೂತು ಓದಿದರೂ ಆ ಹೆಸರು ಸಿಕ್ಕಿದ್ದು ನಾಲ್ಕು ಕಡೆ ಮಾತ್ರ. ಟಿಲ್ ಮೊಳೆ ಮಾಡುವವನ ಮಗ. ಹತ್ತನೆಯ ವಯಸ್ಸಿಗೆ ಲಂಡನ್ನಿನ ಒಬ್ಬ ನಟನ ಕೈಕೆಳಗೆ ಸೇರಿದ. ಆಗಿನ ರಂಗದ ಮೇಲೆ ಹೆಂಗಸರು ಬರುವಂತಿರಲಿಲ್ಲ. ರಾಣಿಯರನ್ನೆಲ್ಲ ಹುಡುಗರೇ ಆಡುತ್ತಿದ್ದರು. ಟಿಲ್ ನಾಲ್ಕೈದು ವರ್ಷ ರಾಣಿಯಾದ. ಆಮೇಲೆ ಗಂಟಲು ಒಡೆದು ಗಂಡುದನಿ ಬಂತು. ಅಲ್ಲಿಂದ ಮುಂದೆ ಅವನಿಗೆ ಸಿಕ್ಕಿದ್ದು ದೂತ, ಕಾವಲುಗಾರ, ಹೆಣ ಹೊರುವವನ ಪಾತ್ರ. ಪ್ಲೇಗು ಬಂದು ನಾಟಕಶಾಲೆಗಳು ಮುಚ್ಚಿದಾಗ ತಂಡದ ಜೊತೆ ಊರೂರು ಅಲೆದ. ಎಷ್ಟೋ ಊರುಗಳಲ್ಲಿ ಆಡಲು ಬಿಡದೆ ಬಾಗಿಲಿನಿಂದಲೇ ಸಾಗಹಾಕಿದರು. ಮುಪ್ಪಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಬಂತು, ನಾಟಕವನ್ನೇ ನಿಷೇಧಿಸಿದರು. ಅವನು ಊರಿಗೆ ಮರಳಿ ತಮ್ಮನ ಕುಲುಮೆಯಲ್ಲಿ ತಿದಿ ಒತ್ತುತ್ತಾ ಸತ್ತ.

“ಒಂದು ವಿಷಯ ಕೇಳಿ ಡಾಕ್ಟ್ರೇ,” ಎಂದು ಶೆಟ್ಟರು ಒಮ್ಮೆ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದರು. “ಗಂಟಲು ಒಡೆದ ಮರುವರ್ಷ ಅದೇ ನಾಟಕ. ಬೇರೆ ಹುಡುಗ ರಾಣಿ. ಇವ ಅವಳ ಹಿಂದೆ ಈಟಿ ಹಿಡ್ಕೊಂಡು ನಿಂತಿದ್ದಾನೆ. ಅವಳ ಮಾತೆಲ್ಲ ಇವನಿಗೆ ಬಾಯಿಪಾಠ. ತುಟಿ ಅಲ್ಲಾಡಿಸುವ ಹಾಗಿಲ್ಲ.”

“ಇದು ದಾಖಲೆಯಲ್ಲಿದೆಯಾ?”

“ಇಲ್ಲ. ಆದ್ರೆ ನಂಗೊತ್ತುಂಟು.”

ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಊರಿನ ಯುವಕ ಸಂಘದ ತುಳು ನಾಟಕಗಳಲ್ಲಿ ಅವರು ಹೆಣ್ಣು ಪಾತ್ರ ಮಾಡುತ್ತಿದ್ದರೆಂದೂ, ಮೀಸೆ ಮೂಡುವ ಹೊತ್ತಿಗೆ ಅಪ್ಪ ಹೊಡೆದು ಬಿಡಿಸಿ ಮೆಡಿಕಲ್ಲಿಗೆ ಕಳಿಸಿದರೆಂದೂ ವಿಮಲಮ್ಮ ನನಗೆ ಹೇಳಿದ್ದು ತೀರ ತಡವಾಗಿ.

ಟಿಲ್‌ನ ಬದುಕನ್ನು ಅವರು ಕನ್ನಡದಲ್ಲಿ ನಾಟಕವಾಗಿ ಬರೆದರು. ಒಬ್ಬನೇ ನಟ, ಒಂದೂವರೆ ಗಂಟೆ. ರಾಜ್ಯೋತ್ಸವದಲ್ಲಿ ಆಡಬೇಕೆಂದು ಆಸೆಪಟ್ಟರು. ನಾನು ಸಾಂಸ್ಕೃತಿಕ ಕಾರ್ಯದರ್ಶಿ. ಸಂಸ್ಕೃತಿಯಲ್ಲಿ ನನ್ನ ಪಾಲು ಹಾಲ್ ಬುಕ್ ಮಾಡುವುದು ಮತ್ತು ಬಿಸಿಬೇಳೆಬಾತ್ ತಳ ಹಿಡಿಯದಂತೆ ಕಾಯುವುದು. ಆದರೂ ಬಹಳ ಗತ್ತಿನಿಂದ, “ನಲವತ್ತು ನಿಮಿಷ ಕೊಡ್ತೀನಿ ಶೆಟ್ರೇ,” ಎಂದೆ. ಅವರು ಬೇಸಿಗೆಯಿಡೀ ಕೂತು ಒಂದೂವರೆ ಗಂಟೆಯನ್ನು ನಲವತ್ತು ನಿಮಿಷಕ್ಕೆ ಇಳಿಸಿದರು.

ಅವತ್ತು ಮಕ್ಕಳ ಸಿನಿಮಾ ಡ್ಯಾನ್ಸುಗಳು ಒಂದರ ಹಿಂದೊಂದು ಉದ್ದವಾದವು. ಯಾವ ತಾಯಿಗೆ ಸಾಕು ಅನ್ನಲಿ? ಕೌನ್ಸಿಲರ್ ಒಬ್ಬರು ಬಂದು ಭಾಷಣ ಮಾಡಿದರು. ನಾಲ್ಕಕ್ಕೆ ಹಾಲ್ ಬಿಡಬೇಕಿತ್ತು. ನಾನು ಪಕ್ಕದ ಕೋಣೆಗೆ ಹೋಗಿ, “ಶೆಟ್ರೇ, ಇಪ್ಪತ್ತರಲ್ಲಿ ಮುಗಿಸ್ತೀರಾ?” ಎಂದೆ. ಇನ್ನೊಮ್ಮೆ ಹೋಗಿ, ಹತ್ತು ಎಂದೆ. ಅವರು ಗಡ್ಡಮೀಸೆ ಅಂಟಿಸಿಕೊಂಡು, ತೊಗಲಿನ ಅಂಗಿ ತೊಟ್ಟು, ಗೋಡೆಗೆ ಮುಖ ಮಾಡಿ ಮಾತುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಎರಡು ಸಲವೂ, “ಆಯ್ತು,” ಎಂದರು. ಮೂರನೆಯ ಸಲ ನಾನು, “ಬರೋ ವರ್ಷ ಮೊದಲನೇ ಐಟಂ ನಿಮ್ದೇ,” ಎಂದೆ.

ಅವರು ಗೋಡೆಯಿಂದ ಈಚೆ ತಿರುಗಿದರು.

“ಪರವಾಗಿಲ್ಲ ಡಾಕ್ಟ್ರೇ. ನೀವು ಹೋಗಿ. ಊಟ ತಣ್ಣಗಾಗ್ತದೆ.”

ಅಂದು ನನಗೆ ಬೇಜಾರಾಗಲಿಲ್ಲ. ಅದನ್ನು ಬರೆಯಲೇಬೇಕು. ನಿರಾಳವಾಯಿತು, ಹೊಟ್ಟೆ ತುಂಬ ಉಂಡೆ.

ಫೆಬ್ರವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು. ಇಂಗ್ಲಿಷು ಹೋಯಿತು, ಕನ್ನಡ ಹೋಯಿತು. ಮೂರು ವಾರದ ಮೇಲೆ ಮಾತು ಬಂದಾಗ ಬಂದದ್ದು ತುಳು ಮಾತ್ರ. ಹಲವು ಭಾಷೆ ಬಲ್ಲವರಿಗೆ ಹೀಗಾಗುವುದುಂಟು ಎಂದು ನಾನು ಡಾಕ್ಟರಾಗಿ ವಿಮಲಮ್ಮನಿಗೆ ವಿವರಿಸಿದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

“ನಲವತ್ತು ವರ್ಷ ಜೊತೆಗಿದ್ದೀನಿ ಡಾಕ್ಟ್ರೇ. ಈಗ ನೀರು ಕೇಳ್ತಿದಾರಾ, ನನ್ನ ಬೈತಿದಾರಾ, ಅದೂ ಗೊತ್ತಾಗ್ತಿಲ್ಲ.”

ಜೂನ್ ಹೊತ್ತಿಗೆ ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೊ ಗೇಮ್ ಮಾಡುವ ಶ್ರೇಯಾ ಎಂಬ ಹುಡುಗಿ, ಇಲ್ಲೇ ಹುಟ್ಟಿದವಳು, ಅಜ್ಜಿಯ ಹತ್ತಿರ ತುಳು ಕಲಿತಿದ್ದಾಳೆಂದು ತಿಳಿದು ಅವಳನ್ನು ಕರೆದುಕೊಂಡು ಹೋದೆ. ಎಲ್ಲರನ್ನೂ ಹಗಲು ಹೊತ್ತು ಕೂರಿಸುವ ಕೋಣೆ, ಗೋಡೆಯುದ್ದಕ್ಕೂ ಕುರ್ಚಿಗಳು. ಶೆಟ್ಟರು ಅವಳ ಮಾತು ಕೇಳಿದ್ದೇ ಪಟಪಟ ಮಾತಾಡಿದರು. ಅವಳು ನನ್ನತ್ತ ತಿರುಗಿದಳು.

“ಅಂಕಲ್, ಯಾವಾಗ ಕರೀತಾರೆ ಅಂತ ಕೇಳ್ತಿದಾರೆ. ತುಂಬಾ ಹೊತ್ತಾಯ್ತಂತೆ. ಮುಖದ ಬಣ್ಣ ತುರಿಸ್ತಿದೆಯಂತೆ.”

ವಿಮಲಮ್ಮ ಕಿಟಕಿಯ ಕಡೆ ನೋಡಿದರು. ನಾನು ಹೇಳಿದೆ: “ಈಗಲೇ ಅಂತ ಹೇಳಮ್ಮ. ಕರೆದ್ರು ಅಂತ ಹೇಳು.”

ಅವಳು ಹೇಳಿದಳು. ಶೆಟ್ಟರು ಕುರ್ಚಿಯಲ್ಲಿ ನೆಟ್ಟಗಾದರು. ಎಡಗೈಯಿಂದ ಇಲ್ಲದ ಸೆರಗನ್ನು ಹೆಗಲಿಗೆ ಎಳೆದುಕೊಂಡರು. ಎಪ್ಪತ್ತು ದಾಟಿದ ಆ ಗಂಟಲಿನಿಂದ ಒಂದು ಹುಡುಗಿಯ ತೆಳು ದನಿ ಬಂತು. ಅದು ಟಿಲ್‌ನ ನಾಟಕವಲ್ಲ. ಶ್ರೇಯಾ ಪಿಸುಗುಟ್ಟಿದಳು: “ಮದುವೆ ಬೇಡ ಅಂತ ಅಪ್ಪನ ಹತ್ರ ಅಳ್ತಿದಾಳೆ.” ನಾಲ್ಕು ಮಾತು, ಐದು ಮಾತು. ಆಮೇಲೆ ನಿಂತುಹೋಯಿತು.

ಅವರು ತಲೆ ತಿರುಗಿಸದೆ ಕಣ್ಣನ್ನಷ್ಟೇ ಪಕ್ಕಕ್ಕೆ ಹೊರಳಿಸಿದರು. ರಂಗದ ಮೇಲೆ ಮಾತು ಮರೆತವರು ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರನ ಕಡೆ ಹೊರಳಿಸುತ್ತಾರಲ್ಲ, ಹಾಗೆ. ಮುಂದಿನ ಮಾತು ಬೇಕಿತ್ತು. ಶ್ರೇಯಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅರವತ್ತು ವರ್ಷದ ಹಿಂದೆ ಯಾವುದೋ ಊರಿನ ಹುಡುಗರು ಕಟ್ಟಿಕೊಂಡ ನಾಟಕ; ಅದರ ಆರನೆಯ ಮಾತು ಬಲ್ಲವರು ಈ ದೇಶದಲ್ಲಿ ಯಾರೂ ಇರಲಿಲ್ಲ. ಟ್ರಾಲಿ ತಳ್ಳಿಕೊಂಡು ಬಂದ ನರ್ಸು ಟೀಗೆ ಸಕ್ಕರೆ ಎಷ್ಟು ಎಂದು ಕೇಳಿದಳು. ಶೆಟ್ಟರ ಕಣ್ಣು ಬಹಳ ಹೊತ್ತು ಅಲ್ಲೇ ಕಾಯುತ್ತಿತ್ತು. ಆಮೇಲೆ ಎಡಗೈ ಮೆಲ್ಲಗೆ ಹೆಗಲಿನಿಂದ ಜಾರಿತು.

ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಲ್ಲಿನ ಚಿತಾಗಾರದಲ್ಲಿ ಒಬ್ಬೊಬ್ಬರ ಅಂತ್ಯಕ್ರಿಯೆಗೆ ಅರ್ಧ ಗಂಟೆ. ನಾನು ಅವರಿಗೆ ಅಷ್ಟೂ ಕೊಟ್ಟಿರಲಿಲ್ಲ.

ನಾಟಕದ ಕೈಬರಹ ವಿಮಲಮ್ಮ ನನಗೇ ಕೊಟ್ಟರು. ಟ್ರಂಕು ತೆರೆದ ಮೇಲೆ, ಮೊನ್ನೆ ಕಮಿಟಿಯಲ್ಲಿ, ಅದನ್ನು ಯಾರಾದರೂ ಆಡುತ್ತೀರಾ ಎಂದು ಕೇಳಿದೆ. ಕನ್ನಡ ಓದಲು ಬರುವ ನಟರು ಯಾರೂ ಉಳಿದಿಲ್ಲ. ಒಬ್ಬ ಹುಡುಗ ವಿನಯದಿಂದ, ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟರೆ ನೋಡಬಹುದು ಎಂದ. ನಾನು ಕಾರ್ಯದರ್ಶಿಗಿರಿ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ; ಟ್ರಂಕು ಎಲ್ಲಿಡುವುದು ಎಂಬುದೊಂದೇ ಪ್ರಶ್ನೆ ಬಂತು.

ಅದಕ್ಕೂ ಮೊದಲು, ಟ್ರಂಕು ತೆರೆದ ಮರುದಿನ ಭಾನುವಾರ, ಆಂಬ್ರೋಸ್ ಟಿಲ್‌ನನ್ನು ಹೂಳಿದ ಚರ್ಚಿಗೆ ಮೊದಲ ಸಲ ಹೋದೆ. ಅಂಗಳದ ಅರ್ಧ ಭಾಗ ಕಾರ್ ಪಾರ್ಕ್ ಆಗಿದೆ. ಉಳಿದ ಕಲ್ಲುಗಳ ಮೇಲಿನ ಅಕ್ಷರ ಸವೆದುಹೋಗಿದೆ. ನಾನು ಒಂದೊಂದನ್ನೇ ಬೆರಳಿನಿಂದ ತಡವಿ ನೋಡುತ್ತಿದ್ದಾಗ, ನಾಯಿ ಕರೆದುಕೊಂಡು ಬಂದ ಮುದುಕಿಯೊಬ್ಬಳು ನಿಂತು, ನಿಮ್ಮವರು ಯಾರಾದರೂ ಇಲ್ಲಿದ್ದಾರಾ ಎಂದು ಕೇಳಿದಳು.

ಹೌದು ಎಂದೆ.

“ಹೆಸರೇನು? ನಾನೂ ಹುಡುಕ್ತೀನಿ,” ಎಂದಳು.

ಬಾಯಿ ತೆರೆದೆ. ಯಾರ ಹೆಸರು ಹೇಳಬೇಕೆಂದು ಹೊಳೆಯಲಿಲ್ಲ.