ಮರಿಗಳು ಸಾಲಿಗೆ ಬಂದ ವರ್ಷ

ಇವತ್ತು ಗೋಕಾಕದ ನಮ್ಮ ಮನೆಯ ನೀರಿನ ಟಾಕಿ ತೊಳೆಸಿದೆ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅತ್ತರು ಮೂಸುವವನಂತೆ ನಿಂತೇ ಇದ್ದೆ. ನಗಬೇಡಿ. ಮೂಡಲಗಿ ಕಡೆಯ ಕುರಿಗಾರರ ವಸ್ತಿಯಲ್ಲಿ ನಾನು ಮಾಸ್ತರನಾಗಿದ್ದ ಶಾಲೆಗೆ ನಳ ಬಂದ ದಿನದ ವಾಸನೆ ಅದು.

ಅದಕ್ಕೂ ಮೊದಲು ಮಕ್ಕಳು ಮನೆಯಿಂದಲೇ ನೀರು ಹೊತ್ತು ಬರುತ್ತಿದ್ದರು. ನಾನೋ ಗೋಡೆಯ ಮೇಲೆ ‘ನೀರನ್ನು ಮಿತವಾಗಿ ಬಳಸಿ’ ಎಂದು ದುಂಡಗೆ ಬರೆಸಿದ್ದೆ, ಇಲ್ಲದ ನೀರಿಗೆ! ಉದ್ಘಾಟನೆಗೆ ಭಾಷಣ ಬಾಯಿಪಾಠ ಮಾಡಿ ನಳ ತಿರುವಿದರೆ ಬರೀ ಗಾಳಿ ಬುಸುಗುಟ್ಟಿತು. ಬಗ್ಗಿ ನೋಡಿದೆ, ಆಗ ಬಂತು ನೋಡಿ ನೀರು, ನನ್ನ ಇಸ್ತ್ರಿ ಅಂಗಿಯ ಮೇಲೆ. ನನ್ನ ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಇಷ್ಟಾದರೂ ಐದನೆಯ ತರಗತಿಯ ಲಕ್ಕವ್ವ ಮಧ್ಯಾಹ್ನವಾದರೆ ನಾಪತ್ತೆ. ಹಿರಿಯರು ಕುರಿ ಹೊಡೆದುಕೊಂಡು ಹೋದಮೇಲೆ ಹಟ್ಟಿಯಲ್ಲಿ ಉಳಿದ ಮರಿಗಳಿಗೆ ನೀರು ಹೊರುವ ಕೆಲಸ ಅವಳದು. ಬುದ್ಧಿ ಹೇಳಲು ಅವಳಜ್ಜ ಬೀರಪ್ಪನ ಬಳಿ ಹೋದೆ.

“ಸಾಲಿ ಎಲ್ಲೂ ಓಡಿ ಹೋಗಂಗಿಲ್ರಿ ಮಾಸ್ತರ. ಮರಿ ನೀರಡಿಸಿದ್ರ ಸಾಯ್ತಾವ್ರಿ,” ಎಂದ.

“ಹಂಗಾರ ಮರಿಗೋಳನ್ನೂ ಸಾಲಿಗೆ ಕಳಸ್ರಿ,” ಎಂದುಬಿಟ್ಟೆ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಬಂದೇ ಬಂದವು. ಮಕ್ಕಳು ಕುಡಿದು ಚೆಲ್ಲಿದ ನೀರು ಅವಕ್ಕಾಗಲೆಂದು ನಳದ ಕೆಳಗೆ ಕಲ್ಲಿನ ಬಾನಿ ಇಡಿಸಿದೆ. ತಪಾಸಣೆಗೆ ಬಂದ ಸಾಹೇಬರು ಗಾಬರಿಯಾಗಿ, “ಇವು ಯಾವ ಕ್ಲಾಸ್ರಿ?” ಎಂದರು.

“ಇವಿನ್ನೂ ಬಾಲವಾಡ್ಯಾಗ ಅದಾವ್ರಿ,” ಎಂದಳು ಲಕ್ಕವ್ವ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಉಸಿರು ಬಿಟ್ಟೆ.

ನನಗೆ ನಿಜವಾದ ಅಂಜಿಕೆ ಇದ್ದದ್ದು ಬೇಸಿಗೆಯದು. ಸುಗ್ಗಿ ಮುಗಿದರೆ ಹಿಂಡು ಘಟಪ್ರಭೆಯ ದಂಡೆ ಹಿಡಿದು ಹುಕ್ಕೇರಿ ತಾಲೂಕಿನ ದಡ್ಡಿ ಊರಿನ ಕಡೆಗೆ ಹೊರಡುತ್ತದೆ. ಹಾಗೆ ಹೋದ ಹೆಣ್ಣುಮಕ್ಕಳು ಶಾಲೆಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ. ಹೊರಡುವ ದಿನ ಬೀರಪ್ಪಜ್ಜ ಬಂದ. ನನ್ನ ಮುಖ ನೋಡದೆ ಬಾನಿಯ ನೀರು ನೋಡುತ್ತ ಹೇಳಿದ: “ಮರಿ, ತಾಯಿಕುರಿ ಇಲ್ಲೇ ಇರ್ಲಿ. ನೀರೈತಿ. ನೋಡ್ಕೊಳ್ಳಾಕ ಲಕ್ಕವ್ವ, ಅಕಿ ಆಯಿ, ನಮ್ಮ ಮುದುಕಿ, ಇರ್ತಾರ.”

ಓದಿನ ಮಾತನ್ನೇ ಎತ್ತಲಿಲ್ಲ. ಆದರೂ ಲಕ್ಕವ್ವ ಶಾಲೆಗೆ ಉಳಿದಳೆಂಬ ಸಂತೋಷಕ್ಕೆ ನಾನು ಕುಣಿಯುವುದೊಂದು ಬಾಕಿ ಇತ್ತು.

ಅಂದಿನಿಂದ ಪ್ರತಿ ಬೇಸಿಗೆ ಅವನ ಫೋನು: “ಮರಿಗೋಳು ಹೆಂಗದಾವ್ರಿ?” ನಾನು ನಿವೃತ್ತನಾಗಿ ಊರಿಗೆ ಬಂದಮೇಲೂ ಅದೇ ಪ್ರಶ್ನೆ. ಗೋಕಾಕದಲ್ಲಿ ಕುಳಿತ ನನಗೇನು ಗೊತ್ತು ಮರಿಗಳ ಸುದ್ದಿ!

ಟಾಕಿಯ ಬಳಿ ನಿಂತಿರುವಾಗಲೇ ಇವತ್ತೂ ಅವನ ಫೋನು ಬಂತು. ಲಕ್ಕವ್ವನ ಫಲಿತಾಂಶ ಬೆಳಿಗ್ಗೆಯಷ್ಟೇ ನನಗೆ ತಿಳಿದಿತ್ತು.

“ಮರಿ ಸುದ್ದಿ ಇರ್ಲಿ ಅಜ್ಜಾ. ಲಕ್ಕವ್ವ ಎಸ್ಸೆಸ್ಸೆಲ್ಸಿ ಪಾಸಾದಳ್ರಿ.”

ಆ ಕಡೆ ಕುರಿಗಳ ಸದ್ದಿನ ನಡುವೆ ಮುದುಕ ನಕ್ಕ.

“ಅದನ್ನ ಕೇಳಾಕ ಫೋನ್ ಹಚ್ಚೇನ್ರಿ ಮಾಸ್ತರ. ಇಷ್ಟ್ ವರ್ಷ ಹಚ್ಚಿದ್ದೂ ಅದಕ್ಕ.”